ಕಟ್ಟು ನಿನ್ನದು, ಪುಟ್ಟಿ

ಚಿರಂಜೀವಿ ಪುಟ್ಟಿಗೆ,

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ, "ಮಾವ, ಈ ವಕೀಲರು ಸಾಕು, ನಾಳೇನೇ ಬೇರೆಯವರನ್ನ ಇಡ್ತೀನಿ" ಅಂದೆಯಲ್ಲ, ಆಗ ನಾನು ಬರೀ "ಹೂಂ" ಅಂದು ಸುಮ್ಮನಾದೆ. ನಿನಗೆ ಬೇಜಾರಾಗಿರಬೇಕು. ಆ ಹೂಂ ಒಪ್ಪಿಗೆಯದ್ದಲ್ಲ, ಅಸಡ್ಡೆಯದ್ದೂ ಅಲ್ಲ. 38 ವರ್ಷ ವಕೀಲರ ಗುಮಾಸ್ತನಾಗಿ ವಕಾಲತ್ತು ಬರೆದವನು ನಾನು. ವಕೀಲರನ್ನು ಬಿಡುವ ಮಾತನ್ನು ರಾತ್ರಿ ಹೊತ್ತು ಆಡಿದವರು ಬೆಳಗ್ಗೆ ಆಫೀಸಿನ ಬೆಂಚಿನ ಮೇಲೆ ಕೂತು ಬೇರೆಯದೇ ಮಾತಾಡಿದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ನಿಧಾನವಾಗಿ ಕಾಗದ ಬರೆಯೋಣ ಅಂದುಕೊಂಡೆ. ನಾನು ಲಾ ಓದಿದವನಲ್ಲ, ಕಾನೂನಿನ ಅರ್ಥ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಆಫೀಸಿನಿಂದ ಇನ್ನೊಂದು ಆಫೀಸಿಗೆ ಕೇಸಿನ ಕಟ್ಟು ಹೋಗುವಾಗ ದಾರಿಯಲ್ಲಿ ಏನೇನು ಉದುರುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಮೊದಲು ನಿನ್ನ ಅನುಮಾನ ತೀರಿಸಿಬಿಡುತ್ತೇನೆ. ವಕೀಲರನ್ನು ಬದಲಾಯಿಸುವುದು ನಿನ್ನ ಹಕ್ಕು. ನಿಮ್ಮಮ್ಮ ಮತ್ತು ನೀನು ಆ ದಾವೆಯ ವಾದಿಗಳು. ನಿಮ್ಮ ಪರವಾಗಿ ನಿಂತು ಮಾತಾಡಿ ಅಂತ ಒಂದು ಹಾಳೆಯ ಮೇಲೆ ಸಹಿ ಹಾಕಿ ಕೊಟ್ಟಿರಿ. ಅದೇ ವಕಾಲತ್ತು. ಕೊಟ್ಟವರೇ ಅದನ್ನು ಹಿಂದಕ್ಕೆ ಪಡೆಯಬಹುದು. ಆದರೆ ಮನಸ್ಸಿನಲ್ಲಿ ಪಡೆದರೆ ಆಗಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ ಆರ್ಡರ್ 3, ರೂಲ್ 4ರ ಪ್ರಕಾರ, ಕೋರ್ಟಿಗೆ ಹಾಕಿದ ವಕಾಲತ್ತು ಕೋರ್ಟಿನ ಅನುಮತಿ ಪಡೆದು ಬರವಣಿಗೆಯಲ್ಲಿ ರದ್ದಾಗುವ ತನಕ ಜೀವಂತ. ಇಲ್ಲವಾದರೆ ಕಕ್ಷಿದಾರ ಸಾಯಬೇಕು, ವಕೀಲರು ಸಾಯಬೇಕು, ಅಥವಾ ಕೇಸು ಮುಗಿಯಬೇಕು. ನೀನು ಫೋನಿನಲ್ಲಿ "ನಾಳೆಯಿಂದ ನೀವು ಬರೋದು ಬೇಡ" ಅಂತ ರೇಗಿದರೆ ಕೋರ್ಟಿನ ಮಟ್ಟಿಗೆ ಏನೂ ಆಗಿಲ್ಲ. ಅವರಿಗೆ ಜಾರಿಯಾದ ನೋಟೀಸು ನಿನಗೇ ಜಾರಿಯಾದ ಲೆಕ್ಕ. ಅವರು ಕೋಪ ಮಾಡಿಕೊಂಡು ಬಾರದೆ ಹೋದರೆ "ವಾದಿ ಗೈರುಹಾಜರು" ಅಂತ ದಾವೆ ವಜಾ ಆದರೂ ಆಗಬಹುದು. ಹಾಗಾದರೆ ಮತ್ತೆ ಎತ್ತಿಸಲು ಅರ್ಜಿ ಹಾಕಲು 30 ದಿನ ಮಾತ್ರ. ಈ ನಡುವಿನ ಹೊತ್ತು, ಅಂದರೆ ಹಳಬರು ಹೋಗಿ ಹೊಸಬರು ಬಂದಿಲ್ಲದ ಆ ಹೊತ್ತು ಇದೆಯಲ್ಲ, ಅದರ ಬಗ್ಗೆಯೇ ನನಗೆ ಭಯ.

ಯಾಕೆ ಭಯ ಅಂದರೆ ನಮ್ಮ ಮನೆಯಲ್ಲೇ ಆದದ್ದು. ನಿಮ್ಮಜ್ಜನ, ಅಂದರೆ ನನ್ನ ತಂದೆಯ ಕೇಸಿನ ಕಥೆಯನ್ನು ನಿಮ್ಮಮ್ಮ ನಿನಗೆ ಹೇಳಿರಲಾರಳು. ಅವಳು ಆಗ ಇನ್ನೂ ಲಂಗ ಉಡುವ ಹುಡುಗಿ. ಕೆರೆ ಹಿಂದಿನ ತೆಂಗಿನ ತೋಟದ ಬದುವಿನ ತಕರಾರು. ಮುನ್ಸೀಫ್ ಕೋರ್ಟಿನಲ್ಲಿ ಆರು ವರ್ಷ ನಡೆದಿತ್ತು. ಒಂದು ವಾಯಿದೆಯ ದಿನ ಅಪ್ಪ ಕೋರ್ಟಿನ ಎದುರು ಹೋಟೆಲಿಗೆ ಕಾಫಿಗೆ ಹೋದರೆ, ಒಳಗೆ ನಮ್ಮ ವಕೀಲರೂ ಎದುರು ಪಾರ್ಟಿಯ ವಕೀಲರೂ ಒಂದೇ ಟೇಬಲ್ಲಿನಲ್ಲಿ ಕೂತು ಮಸಾಲೆ ದೋಸೆ ತಿನ್ನುತ್ತ ನಗುತ್ತಿದ್ದರಂತೆ. ಅಷ್ಟೇ. "ನಮ್ಮನ್ನ ಮಾರಿಬಿಟ್ಟ" ಅಂತ ಅಪ್ಪ ಮನೆಗೆ ಬಂದು ಜಗಲಿ ಮೇಲೆ ಕೂತು ಬೈದರು. ಮಾರನೇ ದಿನವೇ ಬೇರೆ ವಕೀಲರು. ಅವರ ಮೇಲೂ ಎಂಟು ತಿಂಗಳಿಗೆ ಅನುಮಾನ ಬಂತು, ಮೂರನೆಯವರು ಬಂದರು. ಪ್ರತಿ ಸಲವೂ ಹೊಸಬರು "ಫೈಲು ಓದಬೇಕು ಸ್ವಾಮಿ" ಅಂತ ಕಾಲಾವಕಾಶ ಕೇಳಿದರು, ಕೇಳದೆ ಏನು ಮಾಡಿಯಾರು? ನಮ್ಮ ಕಡೆಯ ಮುಖ್ಯ ಸಾಕ್ಷಿ ಊರಿನ ಹಳೇ ಶಾನುಭೋಗರು. ಶಾನುಭೋಗಿಕೆ ರದ್ದಾಗಿ ಬಹಳ ವರ್ಷವಾಗಿದ್ದರೂ ಆ ಬದುವಿನ ಕಲ್ಲು ನೆಟ್ಟ ದಿನ ನೆನಪಿದ್ದದ್ದು ಅವರೊಬ್ಬರಿಗೆ. ಮೂರನೇ ವಕೀಲರು ಫೈಲು ಓದಿ ಮುಗಿಸುವ ಹೊತ್ತಿಗೆ ಶಾನುಭೋಗರು ತೀರಿಕೊಂಡರು. ಅವರ ಮಾತು ಕೋರ್ಟಿನ ಕಾಗದಕ್ಕೆ ಬರಲೇ ಇಲ್ಲ. ತೋಟದ ಆ ಸಾಲು ಹೋಯಿತು.

ವಕೀಲರ ಆಫೀಸಿಗೆ ನಾನು ಕೆಲಸಕ್ಕೆ ಸೇರಿದ್ದು ಅದಾದ ಎರಡು ವರ್ಷಕ್ಕೆ. ಸೇರಿದ ಮೊದಲ ವಾರದಲ್ಲೇ ತಿಳಿಯಿತು, ಎದುರುಬದುರು ವಾದ ಮಾಡುವ ವಕೀಲರು ಒಟ್ಟಿಗೆ ದೋಸೆ ತಿನ್ನುವುದು ದಿನದ ಮಾತು ಅಂತ. ದಿನಾ ಅದೇ ಕೋರ್ಟು, ಅದೇ ವಕೀಲರ ಸಂಘದ ಕೊಠಡಿ, ಅದೇ ಮುಖಗಳು. ಒಬ್ಬರ ಮಗಳ ಮದುವೆಗೆ ಇನ್ನೊಬ್ಬರು ಹೋಗದಿರಲು ಆಗುತ್ತದೆಯೇ? ಅಪ್ಪನಿಗೆ ಇದನ್ನು ಹೇಳಿದೆ. ಅವರು ನಂಬಲಿಲ್ಲ, ಕೊನೆಯವರೆಗೂ.

ಆದ್ದರಿಂದ ನಿನ್ನ ದೂರನ್ನು ಕೇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಹೇಳುತ್ತೇನೆ. ನೀನು ಕಳಿಸಿದ್ದ ಕೇಸಿನ ಹದಿನಾರು ಅಕ್ಷರದ ಸಿಎನ್‌ಆರ್ ನಂಬರನ್ನು ಮೊಮ್ಮಗನ ಕೈಲಿ ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿಸಿದೆ. ವಾಯಿದೆಗಳ ಪಟ್ಟಿ ಬಂತು. ಒಂದೊಂದು ತಾರೀಖನ್ನು ಒತ್ತಿದರೂ ಅವತ್ತು ಏನಾಯಿತು ಅಂತ ಒಂದೆರಡು ಸಾಲು ಇರುತ್ತದೆ. ನಮ್ಮ ಕಾಲದಲ್ಲಿ ಇದಕ್ಕೆ ಬೆಂಚ್ ಕ್ಲರ್ಕಿನ ಮುಂದೆ ಹಲ್ಲು ಗಿಂಜಬೇಕಿತ್ತು! "ಏಳು ಸಲ ಸುಮ್ಮನೆ ಮುಂದಕ್ಕೆ ಹಾಕಿಸಿದ್ದಾರೆ" ಅಂದೆಯಲ್ಲ, ನಾನು ಎಣಿಸಿದೆ. ಎರಡು ಸಲ ನ್ಯಾಯಾಧೀಶರು ರಜೆ. ಒಂದು ಸಲ ವಕೀಲರು ಕಲಾಪದಿಂದ ಹೊರಗುಳಿದಿದ್ದರು. ಎರಡು ಸಲ ಕಾಲಾವಕಾಶ ಕೇಳಿದ್ದು ಎದುರು ಪಾರ್ಟಿ, ಅಂದರೆ ನಿಮ್ಮ ದೊಡ್ಡಪ್ಪನ ಕಡೆಯವರು. ನಮ್ಮವರು ಕೇಳಿದ್ದು ಎರಡೇ ಸಲ, ಅದರಲ್ಲಿ ಒಂದು ನಿಮ್ಮಮ್ಮನಿಗೆ ಜ್ವರ ಅಂತ ನೀನೇ ಹೇಳಿಸಿದ್ದು. ಉಳಿದದ್ದು ಒಂದು. ಆ ಒಂದಕ್ಕೆ ಕೋರ್ಟು ಕಾಸ್ಟ್, ಅಂದರೆ ಖರ್ಚಿನ ದಂಡ ಹಾಕಿದೆ, ಅದು ನಿಜ, ಅದು ಅವರ ತಪ್ಪು. 2002ರ ಜುಲೈಯಿಂದ ಬಂದ ತಿದ್ದುಪಡಿಯಲ್ಲಿ ಒಂದು ಪಾರ್ಟಿಗೆ ವಿಚಾರಣೆ ಹಂತದಲ್ಲಿ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು ಅಂತಿದೆ. ಕೈಮೀರಿದ ಸಂದರ್ಭದಲ್ಲಿ ಅದನ್ನು ಸಡಿಲಿಸಬಹುದು ಅಂತ ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ ಇದೆ ಅನ್ನುವುದು ವಾಯಿದೆ ಕೇಳಲು ಕಾರಣವಾಗದು ಅಂತ ನಿಯಮದಲ್ಲೇ ಬರೆದಿದೆ. ನಿನ್ನ ವಕೀಲರು ಕೊಟ್ಟದ್ದು ಅದೇ ಕಾರಣ, ಅದಕ್ಕೇ ಕಾಸ್ಟ್.

ಈ ಲೆಕ್ಕ ಹೇಳಿದ್ದು ಅವರ ಪರ ವಹಿಸಲಿಕ್ಕಲ್ಲ. ಫೋನ್ ಎತ್ತುವುದಿಲ್ಲ, ಪ್ರತಿ ಸಲ ಜೂನಿಯರನ್ನು ಕಳಿಸುತ್ತಾರೆ, ದೊಡ್ಡಪ್ಪನ ಕಡೆಯವರು ಹಾಕಿದ ಅರ್ಜಿಗೆ ತಕರಾರು ಹಾಕಿದ್ದೇ ನಿನಗೆ ಗೊತ್ತಿಲ್ಲ ಅಂದರೆ ಅದು ಸಣ್ಣ ವಿಷಯವಲ್ಲ. ಹೀಗಿದ್ದರೂ ನೀನೇ ಕೇಳಿಕೋ: ನಿನ್ನ ದಾವೆ ಈಗ ಯಾವ ಹಂತದಲ್ಲಿದೆ? ಮೊನ್ನೆ ಕೇಳಿದಾಗ "ಎವಿಡೆನ್ಸ್ ಏನೋ ನಡೀತಿದೆ" ಅಂದೆ. "ಏನೋ" ಅಂದರೆ ಹೇಗೆ? ನಿಮ್ಮಮ್ಮನ ಮುಖ್ಯ ವಿಚಾರಣೆಯ ಪ್ರಮಾಣಪತ್ರ ಸಲ್ಲಿಸಿಯಾಗಿದೆ. ದಾಖಲೆಗಳು ನಿಶಾನೆಯಾಗಿವೆ. ಮುಂದಿನ ವಾಯಿದೆ ಎದುರು ಪಾರ್ಟಿಯವರ ಪಾಟೀಸವಾಲಿಗೆ ಇದೆ. ಅಂದರೆ ಇಡೀ ಕೇಸಿನಲ್ಲಿ ನಿಮ್ಮಮ್ಮ ಕಟಕಟೆಯಲ್ಲಿ ನಿಂತು ಬಾಯಿ ಬಿಡುವ ದಿನ ಅದು. ಅದರ ಹಿಂದಿನ ವಾರ ವಕೀಲರನ್ನು ಬದಲಾಯಿಸುವುದೆಂದರೆ ತೇರು ಬೀದಿಗೆ ಬಂದ ಮೇಲೆ ಹಗ್ಗ ಬದಲಾಯಿಸಿದ ಹಾಗೆ. ಬದಲಾಯಿಸಲೇಬಾರದು ಅಂತಲ್ಲ. ಹೊಸಬರು ಓದಲು ಹದಿನೈದು ದಿನ ಬೇಕು, ನ್ಯಾಯಾಧೀಶರು ಕೊಡದೆ ಹೋಗಬಹುದು. ಪಾಟೀಸವಾಲು ಮುಗಿದ ಮೇಲೆ "ಹಳೇ ವಕೀಲರು ಸರಿಯಾಗಿ ನೋಡಿಕೊಳ್ಳಲಿಲ್ಲ, ಸಾಕ್ಷಿಯನ್ನು ಮತ್ತೆ ಕರೆಯಿರಿ" ಅಂದರೂ ಸುಲಭವಿಲ್ಲ. ಬರೀ ವಕೀಲರು ಬದಲಾದರು ಅಂತ ಸಾಕ್ಷಿಗಳನ್ನು ಪುನಃ ಕರೆಸಲಾಗದು ಅಂತ ಸುಪ್ರೀಂ ಕೋರ್ಟು 2015ರಲ್ಲಿ ಒಂದು ಕ್ರಿಮಿನಲ್ ಕೇಸಿನಲ್ಲಿ ಹೇಳಿತು. ಸಿವಿಲ್ ಕೋರ್ಟಿನಲ್ಲೂ ಎದುರಿನವರು ಆ ಮಾತನ್ನು ಎತ್ತದೆ ಬಿಡುವುದಿಲ್ಲ.

ಇಷ್ಟಾದರೂ ಬೇಡವೇ ಬೇಡ ಅನ್ನಿಸಿದರೆ ಮಾಡುವ ರೀತಿ ಬೇರೆ ಇದೆ.

ಸಂಜೆ ಆರರ ಮೇಲೆ ಅವರ ಆಫೀಸಿಗೆ ಹೋಗು. ಕೋರ್ಟಿನ ಕಾರಿಡಾರಿನಲ್ಲಿ, ಬೇರೆ ಕಕ್ಷಿದಾರರ ಎದುರು ಈ ಮಾತು ಎತ್ತಬೇಡ; ಎಂಥ ಒಳ್ಳೆಯ ಮನುಷ್ಯನೂ ಅಲ್ಲಿ ಗಡುಸಾಗುತ್ತಾನೆ. "ಸರ್, ನಮಗೆ ಅನುಕೂಲ ಆಗ್ತಿಲ್ಲ, ಬೇರೆಯವರನ್ನ ಇಟ್ಟುಕೊಳ್ಳೋಣ ಅಂತಿದೀವಿ, ಎನ್‌ಒಸಿ ಕೊಡಿ" ಅಂತ ನೇರವಾಗಿ, ಮರ್ಯಾದೆಯಾಗಿ ಕೇಳು. ಎನ್‌ಒಸಿ ಅಂದರೆ ಹೊಸ ವಕಾಲತ್ತಿನ ಮೇಲೇ "ನನ್ನ ಆಕ್ಷೇಪಣೆ ಇಲ್ಲ" ಅಂತ ಬರೆದು ಹಾಕುವ ಒಂದು ಸಹಿ, ಅಷ್ಟೇ. ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಒಬ್ಬರ ವಕಾಲತ್ತು ಇರುವ ಕೇಸಿನಲ್ಲಿ ಇನ್ನೊಬ್ಬರು ಅವರ ಒಪ್ಪಿಗೆ ಇಲ್ಲದೆ ಹಾಜರಾಗುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಕಾರಣ ಬರೆದು ಕೋರ್ಟಿಗೆ ಅರ್ಜಿ ಹಾಕಬೇಕು, ಕೋರ್ಟು ಅನುಮತಿ ಕೊಟ್ಟ ಮೇಲೆ ಬರಬೇಕು. ನಿನ್ನ ದಾರಿ ಮುಚ್ಚಲಿಕ್ಕೆ ಮಾಡಿದ ನಿಯಮವಲ್ಲ ಅದು. ಒಂದೇ ಕೇಸಿನಲ್ಲಿ ಇಬ್ಬರು ಎದ್ದು ನಿಂತು "ನಾನು ವಾದಿ ಪರ" ಅನ್ನಬಾರದಲ್ಲ.

ಫೀಸಿನ ಬಾಕಿ ಇದ್ದರೆ ಲೆಕ್ಕ ಮಾಡಿ ಕೊಟ್ಟುಬಿಡು. ರಸೀದಿ ತಗೋ. ಅವರು ಮಾಡದ ಕೆಲಸಕ್ಕೆ ಮುಂಗಡ ಕೊಟ್ಟಿದ್ದರೆ ಕೇಳಲು ಸಂಕೋಚ ಬೇಡ. ಆದರೆ "ಬಾಕಿ ಕೊಡೋ ತನಕ ಫೈಲು ಕೊಡಲ್ಲ" ಅಂದರೆ ಹೆದರಬೇಡ. ಈ ವಿಷಯ ಇತ್ಯರ್ಥವಾಗಿ ಕಾಲು ಶತಮಾನವಾಯಿತು. ಭೋಪಾಲದ ವಕೀಲರೊಬ್ಬರು ಸಹಕಾರಿ ಬ್ಯಾಂಕಿನ ಕೇಸುಗಳನ್ನು ನಡೆಸುತ್ತಿದ್ದರು. ಬ್ಯಾಂಕು ಅವರನ್ನು ಬಿಟ್ಟಾಗ 97,100 ರೂಪಾಯಿ ಬಾಕಿ ಇದೆ ಅಂತ ಫೈಲುಗಳನ್ನು ಇಟ್ಟುಕೊಂಡರು. ಸುಪ್ರೀಂ ಕೋರ್ಟಿನ ತನಕ ಹೋಯಿತು. 2000ರ ಆಗಸ್ಟಿನಲ್ಲಿ ತೀರ್ಪು ಬಂತು: ಕೇಸಿನ ಕಟ್ಟು ಗಿರವಿ ಇಟ್ಟುಕೊಳ್ಳುವ ಸಾಮಾನಲ್ಲ, ಫೀಸು ಬಾಕಿಯಿದ್ದರೆ ಅದನ್ನು ವಸೂಲಿ ಮಾಡಲು ಕಾನೂನಿನಲ್ಲಿ ಬೇರೆ ದಾರಿಯಿದೆ, ಫೈಲು ಕೊಡದಿರುವುದು ವೃತ್ತಿ ದುರ್ನಡತೆ. ಆ ತೀರ್ಪಿನ ಸುದ್ದಿ ಬಂದ ದಿನ ನಮ್ಮ ಸಾಹೇಬರು ನನ್ನನ್ನು ಕರೆದು, ಬೀರುವಿನ ಕೆಳಗಿನ ಖಾನೆಯಲ್ಲಿ ಫೀಸು ಬಾಕಿ ಅಂತ ಕಟ್ಟಿಟ್ಟಿದ್ದ ಹನ್ನೊಂದು ಕಟ್ಟುಗಳನ್ನು ತೆಗೆಸಿದರು. "ಇವರಿಗೆಲ್ಲ ಕಾರ್ಡು ಬರಿ, ಬಂದು ತಗೊಂಡು ಹೋಗಲಿ" ಅಂದರು. ಒಳ್ಳೆಯ ಮನುಷ್ಯ; ಆದರೂ ಹನ್ನೊಂದು ಕಟ್ಟು ಕಟ್ಟಿಟ್ಟಿದ್ದರು, ನೋಡು. ಅವರಲ್ಲಿ ನಾಲ್ಕು ಜನ ಬಾಕಿಯನ್ನೂ ಕೊಟ್ಟು ಹೋದರು. ಉಳಿದವರದ್ದು ಹೋಯಿತು.

ಫೈಲು ಪಡೆಯುವಾಗ ಎಣಿಸು. ದಾವೆ ಪತ್ರದ ಪ್ರತಿ, ಪ್ರತಿವಾದಿಯ ಜವಾಬು, ವಿವಾದಾಂಶ, ಮಧ್ಯಂತರ ಅರ್ಜಿಗಳು, ಇವುಗಳ ಪ್ರತಿ ಕಳೆದುಹೋದರೂ ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ ತೆಗೆಯಬಹುದು. ಮೂಲ ದಾಖಲೆ ಕಳೆದರೆ ತರುವುದು ಕಷ್ಟ. ನಿಮ್ಮ ತಾತನ ಕಾಲದ ಪಾಲುಪಟ್ಟಿ, ಕ್ರಯಪತ್ರ, ಕಂದಾಯದ ರಸೀದಿಗಳು, ಇವುಗಳಲ್ಲಿ ಕೋರ್ಟಿನಲ್ಲಿ ನಿಶಾನೆಯಾದವು ಯಾವುವು, ಇನ್ನೂ ವಕೀಲರ ಬೀರುವಿನಲ್ಲೇ ಇರುವುದು ಯಾವುದು ಅಂತ ಪಟ್ಟಿ ಮಾಡು, ಎರಡೂ ಕಡೆ ಸಹಿ ಹಾಕಿಸು. ಕ್ರಯಪತ್ರ ಅವರ ಆಫೀಸಿನಲ್ಲಿದೆ ಅಂತ ನೀನು, ನಿನ್ನ ಹತ್ತಿರ ವಾಪಸು ಕೊಟ್ಟಿದ್ದೇನೆ ಅಂತ ಅವರು: ಈ ಜಗಳ ನಾನು ಕಂಡಷ್ಟು ಇನ್ಯಾರೂ ಕಂಡಿರಲಾರರು.

ಕಾಗದಕ್ಕಿಂತ ಹೆಚ್ಚು ಉದುರುವುದು ಬಾಯಿಮಾತು. ಒಂದು ಸಲ ಬೇರೆ ಆಫೀಸಿನಿಂದ ನಮಗೆ ಒಂದು ಪಾಲಿನ ದಾವೆ ಬಂತು. ಫೈಲು ಚೊಕ್ಕವಾಗಿತ್ತು, ಕೆಂಪು ದಾರ ಕಟ್ಟಿತ್ತು. ಆದರೆ ಎರಡನೇ ಪ್ರತಿವಾದಿ ಮುದುಕಿ ತೀರಿಕೊಂಡು ಎರಡು ತಿಂಗಳಾಗಿದೆ ಅನ್ನುವುದು ಹಳೇ ವಕೀಲರಿಗೆ ಗೊತ್ತಿತ್ತು, ಕಕ್ಷಿದಾರನಿಗೂ ಗೊತ್ತಿತ್ತು. ಇಬ್ಬರೂ ನಮಗೆ ಹೇಳಲಿಲ್ಲ. ಸತ್ತವರ ವಾರಸುದಾರರನ್ನು ದಾವೆಗೆ ಸೇರಿಸಲು 90 ದಿನದ ವಾಯಿದೆ. ನಮಗೆ ತಿಳಿಯುವ ಹೊತ್ತಿಗೆ ನೂರು ದಾಟಿತ್ತು. ಆಮೇಲೆ ಆ ಒಂದು ಮರೆವಿಗೆ ಮೂರು ಅರ್ಜಿ, ಒಂದು ವರ್ಷ. ನಿಮ್ಮ ಕೇಸಿನಲ್ಲೂ ಅಜ್ಜಿ ಒಬ್ಬರು ಪ್ರತಿವಾದಿ ಇದ್ದಾರಲ್ಲ, ಅವರ ಆರೋಗ್ಯ ಹೇಗಿದೆ ಅಂತ ಹೊಸ ವಕೀಲರಿಗೆ ನೀನಾಗಿ ಹೇಳಬೇಕು. ಅವರು ಕೇಳಲಿ ಅಂತ ಕಾಯಬೇಡ.

ಇದಕ್ಕೆ ಎದುರಾಗಿ ಒಂದು ಒಳ್ಳೆಯದನ್ನೂ ಹೇಳಬೇಕು. ನಮ್ಮ ಸಾಹೇಬರು ಯಾರಿಗೇ ಎನ್‌ಒಸಿ ಕೊಟ್ಟರೂ, ಕಟ್ಟಿನ ಮೇಲೆ ತಮ್ಮ ಕೈಯಲ್ಲೇ ಒಂದು ಚೀಟಿ ಬರೆದು ಸಿಕ್ಕಿಸುತ್ತಿದ್ದರು: ಮುಂದಿನ ವಾಯಿದೆ ಯಾವತ್ತು, ಏನಕ್ಕೆ, ನಮ್ಮ ಕೇಸಿನಲ್ಲಿ ತೂತು ಎಲ್ಲಿದೆ. ಕೊನೆಯದನ್ನು ಬರೆಯಲು ದೊಡ್ಡ ಮನಸ್ಸು ಬೇಕು. "ಯಾಕೆ ಸಾರ್, ಅವರು ನಮ್ಮನ್ನ ಬಿಟ್ಟು ಹೋದ್ರಲ್ಲ" ಅಂತ ನಾನು ಒಮ್ಮೆ ಕೇಳಿದ್ದಕ್ಕೆ, "ನನ್ನನ್ನ ಬಿಟ್ಟರು, ಕೇಸನ್ನ ಬಿಟ್ಟಿಲ್ವಲ್ಲೋ" ಅಂದಿದ್ದರು. ನಿನ್ನ ವಕೀಲರು ಹಾಗೆ ಬರೆದುಕೊಡುತ್ತಾರೋ ಇಲ್ಲವೋ, ನೀನು ಕೇಳಿ ನೋಡು. ನೀನು ಸಿಟ್ಟಿನಲ್ಲಿ ಹೋದರೆ ಖಂಡಿತ ಸಿಗುವುದಿಲ್ಲ.

ಅವರು ಹೋಗಿ ದೊಡ್ಡಪ್ಪನ ಕಡೆ ಸೇರಿಕೊಂಡು ಎಲ್ಲ ಹೇಳಿಬಿಟ್ಟರೆ ಅಂತ ನಿಮ್ಮಮ್ಮ ಹೆದರಿದ್ದಾಳೆ ಅಂದೆ. ಹೆದರಬೇಡ ಅನ್ನು. ನಿಮಗಾಗಿ ದಾವೆ ಬರೆದವರು ಅದೇ ಕೇಸಿನಲ್ಲಿ ಎದುರು ಪಾರ್ಟಿಗೆ ವಕೀಲರಾಗುವಂತಿಲ್ಲ. ನೀವು ಅವರಿಗೆ ನಂಬಿ ಹೇಳಿದ್ದನ್ನು ಹೊರಗೆಡಹುವಂತಿಲ್ಲ, ಬಿಟ್ಟ ಮೇಲೂ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಇದ್ದ ಆ ರಕ್ಷಣೆ 2024ರ ಜುಲೈಯಿಂದ ಜಾರಿಯಾದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಹಾಗೇ ಇದೆ.

ಹೊಸಬರನ್ನು ಹುಡುಕುವಾಗ ಎರಡು ಎಚ್ಚರ. "ಗೆದ್ದರೆ ಒಂದು ಎಕರೆ ನನಗೆ ಕೊಡಿ, ಈಗ ಫೀಸೇ ಬೇಡ" ಅನ್ನುವವರು ಸಿಗುತ್ತಾರೆ, ಅದೂ ನಿಮ್ಮ ಜಮೀನು ಹೆದ್ದಾರಿ ಪಕ್ಕ ಬಂದಿರುವಾಗ. ಹಾಗೆ ಪಾಲು ಮಾತಾಡುವುದು ವಕೀಲರಿಗೆ ನಿಷಿದ್ಧ. ಅಂಥವರ ಆಫೀಸಿನಿಂದ ಚಪ್ಪಲಿ ಹಾಕಿಕೊಂಡು ಹೊರಟು ಬಾ. ಇನ್ನೊಂದು, ವಕಾಲತ್ತನ್ನು ಓದದೆ ಸಹಿ ಹಾಕಬೇಡ. ಅದರಲ್ಲಿ ರಾಜಿ ಮಾಡಿಕೊಳ್ಳುವ, ದಾವೆ ಹಿಂತೆಗೆಯುವ, ಹಣ ಪಡೆಯುವ ಅಧಿಕಾರವೆಲ್ಲ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಬೇಡದ್ದನ್ನು ಹೊಡೆದುಹಾಕಿಸು. ನಾನೇ ಎಷ್ಟು ಜನರ ಹೆಬ್ಬೆಟ್ಟನ್ನು ಖಾಲಿ ಹಾಳೆಗೆ ಒತ್ತಿಸಿದ್ದೇನೋ, ಈಗ ನೆನೆದರೆ ನಾಚಿಕೆಯಾಗುತ್ತದೆ. ದುಡ್ಡಿನದೇ ತೊಂದರೆಯಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನಿದೆ. ನೀನು ಒಪ್ಪಲಿಕ್ಕಿಲ್ಲ ಅಂತ ಗೊತ್ತು, ತಿಳಿದಿರಲಿ.

ಕನ್ಸ್ಯೂಮರ್ ಕೋರ್ಟಿಗೆ ಎಳೀತೀನಿ ಅಂದೆಯಲ್ಲ, ಆ ಬಾಗಿಲು 2024ರ ಮೇ ತಿಂಗಳಲ್ಲಿ ಮುಚ್ಚಿತು. ವಕೀಲರ ಸೇವೆ ಗ್ರಾಹಕ ಕಾನೂನಿಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದೆ. ನಿಜವಾದ ದುರ್ನಡತೆ ಇದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಫೋನ್ ಎತ್ತದ್ದಕ್ಕೆ ಅಷ್ಟು ದೂರ ಹೋಗಬೇಡ.

ಇನ್ನೊಂದು ಮಾತು ನಿನಗೇ ಚುಚ್ಚಬಹುದು. 1981ರಲ್ಲಿ ಒಂದು ಕೇಸು ವಕೀಲರು ಬಾರದೆ ವಜಾ ಆದಾಗ ಸುಪ್ರೀಂ ಕೋರ್ಟು, ಹಳ್ಳಿಯ ಮನುಷ್ಯ ವಕೀಲರನ್ನಿಟ್ಟು ನಂಬಿ ಕೂತ, ಅವರ ತಪ್ಪಿಗೆ ಅವನು ನರಳಬಾರದು ಅಂತ ಕೇಸು ಎತ್ತಿಕೊಟ್ಟಿತು. ನಮ್ಮ ಆಫೀಸಿನಲ್ಲಿ ಎಷ್ಟು ಅರ್ಜಿಗೆ ಆ ತೀರ್ಪನ್ನು ಹಾಕಿದ್ದೇವೋ! ಆದರೆ 1993ರಲ್ಲಿ ಕಲ್ಕತ್ತೆಯ ಒಂದು ಕಂಪನಿ ಅದೇ ಮಾತು ಹೇಳಿಕೊಂಡಾಗ, ನೀವು ಓದುಬರಹ ಬಲ್ಲವರು, ಊರಿನಲ್ಲೇ ಇದ್ದವರು, ನಿಮಗೆ ಆ ರಿಯಾಯಿತಿ ಇಲ್ಲ ಅಂದಿತು. ನೀನು ಬೆಂಗಳೂರಿನ ಕಾಲೇಜಿನಲ್ಲಿ ಪಾಠ ಹೇಳುವವಳು, ಕೈಯಲ್ಲಿ ಆ್ಯಪ್ ಇರುವವಳು. ನಿನ್ನ ಜಾತಿ ಯಾವುದು ಹೇಳು, ಹಳ್ಳಿಯವನದ್ದೋ ಕಂಪನಿಯದ್ದೋ?

ನನ್ನ ಅಭಿಪ್ರಾಯ ಕೇಳಿದರೆ, ಈ ಪಾಟೀಸವಾಲು ಇವರ ಕೈಯಲ್ಲೇ ಮುಗಿಯಲಿ. ದಾವೆ ಬರೆದವರು, ಪ್ರಮಾಣಪತ್ರ ಬರೆದವರು ಅವರು. ಎದುರಿನವರು ಎಲ್ಲಿ ಚುಚ್ಚುತ್ತಾರೆ ಅಂತ ಅವರಿಗೆ ಗೊತ್ತು. ಆದರೆ ಜೂನಿಯರಲ್ಲ, ಅವರೇ ಬರಬೇಕು ಅಂತ ಮೊದಲೇ ಹೋಗಿ ಮಾತಾಡು, ನಾನೂ ಬರುತ್ತೇನೆ. ಬರುವುದಿಲ್ಲ ಅಂದರೆ ಅವತ್ತೇ ಅಲ್ಲೇ ಎನ್‌ಒಸಿ ಕೇಳೋಣ. ಇನ್ನೂ ಮೂರು ವಾರ ಇದೆ, ಹೊಸಬರಿಗೆ ಓದಲು ಸಾಕು. ಬದಲಾದರೆ ಹದಿನೈದು ದಿನ ಬಿಟ್ಟು ಆ್ಯಪಿನಲ್ಲಿ ವಾದಿ ಪರ ವಕೀಲರ ಹೆಸರು ಬದಲಾಗಿದೆಯೇ ನೋಡಲು ಮರೆಯಬೇಡ.

ಶುಕ್ರವಾರ ಸಂಜೆ ಬಸ್ಸಿಗೆ ನಿಮ್ಮ ಊರಿಗೆ ಬರುತ್ತೇನೆ, ನೀನೂ ಬಂದುಬಿಡು. ನಿಮ್ಮಮ್ಮನ ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡಿದ್ದಾಳಂತೆ, ಅದನ್ನು ಮೊದಲು ಸರಿ ಮಾಡಿಸು. ಅವಳ ಹೆಸರಿನಲ್ಲಿ ಕೋರ್ಟಿಗೆ ಕೊಟ್ಟ ಆ ಹದಿನಾಲ್ಕು ಪುಟದ ಪ್ರಮಾಣಪತ್ರವನ್ನು ಅವಳು ಇದುವರೆಗೂ ಒಂದು ಸಲವೂ ಓದಿಲ್ಲ ಅಂತ ನನಗೆ ಅನುಮಾನ. ಶನಿವಾರ ಬೆಳಗ್ಗೆ ತಿಂಡಿ ಆದ ಮೇಲೆ ಕೂರಿಸಿ, ಅವಳ ಕೈಲೇ ಜೋರಾಗಿ ಓದಿಸೋಣ.

ಇಂತಿ,
ನಿನ್ನ ಸೋದರಮಾವ